ಗುದ್ದಲಿ ಮುಟ್ಟದೆ ಸಮಾಧಿ ದಿಬ್ಬ ಹುಡುಕೋದು: ಇಂಗ್ಲೆಂಡಿನ ಹೀತ್ ಬಯಲಿಗೆ ಹೋಗೋರಿಗೆ

ವಾಕಿಂಗ್ ಹೋದಾಗ ಒಂದು ಮಣ್ಣಿನ ಗುಪ್ಪೆ ಫೋಟೋ ತೆಗೆದು "ಇದು ಹಳೇ ಕಾಲದ ಸಮಾಧಿನಾ ನೋಡಿ ಹೇಳಿ" ಅಂತ ಕಳ್ಸೋ ಫ್ರೆಂಡ್ಸ್ ನನಗೆ ಇತ್ತೀಚೆಗೆ ಜಾಸ್ತಿ ಆಗಿದಾರೆ. ಫೋಟೋದಲ್ಲಿ ಹೇಳಕ್ಕಾಗಲ್ಲ ಕಣ್ರಪ್ಪ. ಎದುರಿಗೆ ನಿಂತ್ರೂ ಎಷ್ಟೋ ಸಲ ಹೇಳಕ್ಕಾಗಲ್ಲ. ಆದ್ರೆ ಹುಡುಕೋದಕ್ಕೆ ಒಂದು ಕ್ರಮ ಇದೆ, ಅದನ್ನ ಒಂದೇ ಕಡೆ ಬರೆದಿಟ್ರೆ ನನಗೂ ಪದೇ ಪದೇ ಟೈಪ್ ಮಾಡೋದು ತಪ್ಪತ್ತೆ ಅಂತ ಕೂತಿದೀನಿ.

ನಮ್ಮೂರು ಮೊಳಕಾಲ್ಮೂರು ಕಡೆ. ಬ್ರಹ್ಮಗಿರಿ ಬುಡದಲ್ಲಿ ಕಲ್ಲು ಸುತ್ತ ಇಟ್ಟಿರೋ ಸಮಾಧಿಗಳ ಮಧ್ಯೆನೇ ದನ ಮೇಯೋದು ನೋಡ್ಕೊಂಡು ಬೆಳೆದವನು ನಾನು, 1947ರಲ್ಲಿ ಮಾರ್ಟಿಮರ್ ವೀಲರ್ ಅನ್ನೋ ಬ್ರಿಟಿಷ್ ಪುರಾತತ್ವ ತಜ್ಞ ಬಂದು ಅಲ್ಲಿ ಅಗೆಸಿದ್ರು ಅನ್ನೋದು ಗೊತ್ತಾಗಿದ್ದು ಮಾತ್ರ ಇಂಗ್ಲೆಂಡಿಗೆ ಬಂದ್ಮೇಲೆ, ಎಂಥಾ ವಿಚಿತ್ರ ನೋಡಿ. ಅವರಿಗಿಂತ ನೂರು ವರ್ಷ ಮುಂಚೆನೇ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಆಗಿದ್ದ ಮೆಡೋಸ್ ಟೇಲರ್ ಜೇವರ್ಗಿ ಕಡೆ ಸಮಾಧಿಗಳನ್ನ ಅಗೆದು, ಪದರ ಪದರ ಚಿತ್ರ ಬರೆದು, ಇವು ನಮ್ಮ ಬ್ರಿಟನ್ನಿನ ದಿಬ್ಬಗಳ ಥರಾನೇ ಇದಾವಲ್ಲ ಅಂತ ಹೋಲಿಸಿ ನೋಡಿದ್ರು. ಅವರು ಇಲ್ಲಿಂದ ಅಲ್ಲಿಗೆ ಹೋಗಿ ನೋಡಿದ್ದನ್ನ ನಾನು ಅಲ್ಲಿಂದ ಇಲ್ಲಿಗೆ ಬಂದು ನೋಡ್ತಾ ಇದೀನಿ ಅಷ್ಟೆ. ನಮ್ಮಲ್ಲಿ ಕಲ್ಲು ಜಾಸ್ತಿ, ಹಿರೇಬೆಣಕಲ್ಲಲ್ಲಿ ಬಂಡೆ ಚಪ್ಪಡಿ ನಿಲ್ಸಿ ಮನೆ ಥರ ಕಟ್ಟಿದಾರೆ, ಒಂದ್ಸಲ ನೋಡಿದ್ರೆ ಅನುಮಾನವೇ ಬರಲ್ಲ. ಇಲ್ಲಿ ಹಂಗಲ್ಲ. ಇಲ್ಲಿಯದು ಬರೀ ಮಣ್ಣು, ಅದೂ ನಾಲ್ಕು ಸಾವಿರ ವರ್ಷ ಮಳೆ ತಿಂದಿರೋ ಮಣ್ಣು.

ಏನನ್ನ ಹುಡುಕ್ತಿದೀವಿ

ಈ ಸಮಾಧಿ ದಿಬ್ಬಗಳಿಗೆ ಬ್ಯಾರೋ ಅಂತಾರೆ. ಹೀತ್ ಅಂದ್ರೆ ಹೀದರ್ ಅನ್ನೋ ಕುರುಚಲು ಗಿಡ ಬೆಳೆಯೋ ಬಯಲು. ಅಲ್ಲಿ ಸಿಗೋದು ಬಹುಪಾಲು ಗುಂಡನೆ ಬ್ಯಾರೋಗಳು, ಕಂಚಿನ ಯುಗದ್ದು, ಸುಮಾರು ಕ್ರಿ.ಪೂ. 2400ರಿಂದ 1500ರ ಒಳಗೆ ಕಟ್ಟಿದ್ದು. ಸಾಮಾನ್ಯವಾದದ್ದು ಬೌಲ್ ಬ್ಯಾರೋ, ಬಟ್ಲು ಬೋರಲು ಹಾಕಿದಂಗೆ, ಇಂಗ್ಲೆಂಡಲ್ಲಿ ಉಳಿದಿರೋದೇ 10,000ಕ್ಕೂ ಮೇಲೆ ದಾಖಲಾಗಿದಾವೆ. ಬೆಲ್ ಬ್ಯಾರೋ ಅಂದ್ರೆ ದಿಬ್ಬಕ್ಕೂ ಸುತ್ತಲಿನ ಕಂದಕಕ್ಕೂ ಮಧ್ಯೆ ಒಂದು ಜಗಲಿ ಬಿಟ್ಟಿರ್ತಾರೆ. ಡಿಸ್ಕ್ ಬ್ಯಾರೋ ಅಂದ್ರೆ ಊಟದ ತಟ್ಟೆ ಮಧ್ಯೆ ಒಂದು ತುತ್ತು ಅನ್ನ ಇಟ್ಟಂಗೆ, ದೊಡ್ಡ ಬಳೆ, ನಡುವೆ ಚಿಕ್ಕ ಗುಪ್ಪೆ. ಈ ಕೊನೇ ಎರಡೂ ಅಪರೂಪ, ಒಂದೊಂದು ಜಾತಿಯದು ದೇಶಕ್ಕೆಲ್ಲಾ ಸೇರಿ 250ರ ಆಸುಪಾಸು ಅಷ್ಟೆ, ಹಂಗಾಗಿ ನಿಮಗೆ ಹೊಸದಾಗಿ ಸಿಗೋ ಚಾನ್ಸ್ ಕಮ್ಮಿ. ಬೌಲ್ ಬ್ಯಾರೋ ಕನಸು ಕಾಣಿ, ಸಾಕು. ಅಡ್ಡಳತೆ 5 ಮೀಟರಿಂದ 40 ಮೀಟರ್ ತನಕ ಇರಬಹುದು, ಎತ್ತರ 4 ಮೀಟರ್ ತನಕ, ಆದ್ರೆ ಇನ್ನೂ ಯಾರೂ ಗುರುತಿಸದೆ ಉಳಿದಿರೋವು ಇದ್ರೆ ಅವು ಮೊಣಕಾಲೆತ್ತರದವೇ, ದೊಡ್ಡವನ್ನೆಲ್ಲಾ ಯಾವತ್ತೋ ಎಣಿಸಿ ಬಿಟ್ಟಿದಾರೆ.

ಹೀತ್ ಬಯಲಲ್ಲೇ ಯಾಕೆ ಇಷ್ಟು ಉಳಿದಿದಾವೆ ಅಂದ್ರೆ, ಮರಳು ಮಿಶ್ರ ಹುಳಿ ಮಣ್ಣು, ಬೆಳೆ ಬರಲ್ಲ, ಯಾರೂ ಉಳಲಿಲ್ಲ. ಪಕ್ಕದ ಹೊಲದಲ್ಲಿದ್ದ ದಿಬ್ಬಗಳು ನೇಗಿಲಿಗೆ ಸಿಕ್ಕಿ ಸಪಾಟಾಗಿ ಹೋದ್ವು. ತಮಾಷೆ ಏನಂದ್ರೆ ಈ ಬಯಲು ಮೊದಲಿಂದ ಬಯಲೇ ಅಲ್ಲ, ಕಾಡಾಗಿತ್ತು. ಅದನ್ನ ಕಡಿದು ದನ ಮೇಯಿಸಿ ಮಣ್ಣಿನ ಸತ್ವ ಇಳಿದು ಹೋಗಕ್ಕೆ ಕಾರಣ ಆದವರೇ ಬಹಳ ಕಡೆ ಈ ದಿಬ್ಬ ಕಟ್ಟಿದ ಜನ. ಬ್ಯಾರೋ ಅಡಿಯಲ್ಲಿ ಮುಚ್ಚಿ ಹೋದ ಹಳೇ ನೆಲದಲ್ಲಿ ಪರಾಗದ ಕಣ ಉಳಿದಿರತ್ತೆ, ಡಿಂಬಲ್‌ಬಿ ಅನ್ನೋ ವಿಜ್ಞಾನಿ ಅಂಥಾ ಮಣ್ಣು ಪರೀಕ್ಷೆ ಮಾಡಿಯೇ ಈ ಕಾಡಿನ ಕಥೆ ಬಿಡಿಸಿದ್ದು. ನಾವು ಅಗೀಬಾರದು ಅಂತ ನಾನು ಇಷ್ಟು ಬಡ್ಕೊಳ್ಳೋದು ಇದಕ್ಕೇ. ಚಿನ್ನದ ಆಸೆಗೆ ಒಂದು ಗುಂಡಿ ತೋಡಿದ್ರೆ ಚಿನ್ನ ಅಂತೂ ಸಿಗಲ್ಲ, ಆ ಮಣ್ಣಿನ ಲೆಕ್ಕನೂ ಹೋಯ್ತು. ಹುಳಿ ಮಣ್ಣಲ್ಲಿ ಹಸಿ ಮೂಳೆನೂ ಉಳಿಯಲ್ಲ, ಸುಟ್ಟ ಮೂಳೆ ಚೂರು ಉಳಿದ್ರೆ ಅದೃಷ್ಟ.

ಮೊದಲು ಕಣ್ಣಿಗೆ ಪಾಠ

ಹೊಸದು ಹುಡುಕೋ ಮುಂಚೆ ಗೊತ್ತಿರೋವನ್ನ ಹೋಗಿ ನೋಡ್ಬೇಕು, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಸರ್ರೆ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಫ್ರೆನ್ಶಮ್ ಕಾಮನ್ ಅನ್ನೋ ಬಯಲಿದೆ, ದೊಡ್ಡ ಕೆರೆ ಚಿಕ್ಕ ಕೆರೆ ಮಧ್ಯೆ ಇರೋ ಏಣಿನ ಮೇಲೆ ನಾಲ್ಕು ಬೌಲ್ ಬ್ಯಾರೋ ಸಾಲಾಗಿ ಕೂತಿದಾವೆ. ವೋಕಿಂಗ್ ಪಕ್ಕ ಹಾರ್ಸೆಲ್ ಕಾಮನ್ನಲ್ಲಿ ಬೆಲ್ ಬ್ಯಾರೋ ಇದಾವೆ, ಜಗಲಿ ಅಂದ್ನಲ್ಲ ಅದು ಹೆಂಗಿರತ್ತೆ ಅಂತ ಅಲ್ಲಿ ಕಾಲಲ್ಲಿ ತಿಳಿಯತ್ತೆ. ಹ್ಯಾಂಪ್‌ಶೈರಿನ ಪೀಟರ್ಸ್‌ಫೀಲ್ಡ್ ಹೀತಲ್ಲಿ ಸುಮಾರು 20 ದಿಬ್ಬ ಒಂದೇ ಕಡೆ, ಊರ ಜನಾನ ಸೇರಿಸ್ಕೊಂಡು 2014ರಿಂದ ಕೆಲವನ್ನ ಶಾಸ್ತ್ರೋಕ್ತವಾಗಿ ಅಗೆದಿದಾರೆ. ಮಕ್ಕಳನ್ನ ಕರ್ಕೊಂಡು ಹೋಗಿ, ಪಿಕ್ನಿಕ್ಕೂ ಆಗತ್ತೆ, ಆದ್ರೆ ಸುಮ್ನೆ ನೋಡಿ ಬರಬೇಡಿ. ಸುತ್ತ ಒಂದು ರೌಂಡ್ ಹಾಕಿ ಹೆಜ್ಜೆ ಎಣಿಸಿ, ದೂರದಿಂದ ಹೆಂಗೆ ಕಾಣತ್ತೆ, ಯಾವ ಕಡೆಯಿಂದ ಕಾಣೋದೇ ಇಲ್ಲ, ಬದಿಯಲ್ಲಿ ಕಂದಕ ಇದ್ದ ಜಾಗದಲ್ಲಿ ಹುಲ್ಲು ಬಣ್ಣ ಬೇರೆ ಇದೆಯಾ, ಇದನ್ನೆಲ್ಲಾ ಗಮನಿಸಿ. ಐದಾರು ಅಸಲಿ ನೋಡಿದ ಕಣ್ಣಿಗೆ ನಕಲಿ ಬೇಗ ಗೊತ್ತಾಗತ್ತೆ, ನಮ್ಮಮ್ಮ ರೇಷ್ಮೆ ಸೀರೆನ ಬೆರಳಲ್ಲಿ ಮುಟ್ಟಿ ಹೇಳೋ ಹಾಗೆ.

ಎರಡನೇದು, ಮನೇಲಿ ಕೂತು ಮಾಡೋ ಕೆಲಸ

ಹತ್ತರಲ್ಲಿ ಏಳು ಪಾಲು ಕೆಲಸ ಇಲ್ಲೇ. ಮೊದಲು ನಿಮ್ಮ ಹೀತ್‌ನಲ್ಲಿ ಏನೇನು ಆಗ್ಲೇ ದಾಖಲಾಗಿದೆ ನೋಡಿ. ಹೆರಿಟೇಜ್ ಗೇಟ್‌ವೇ ಅನ್ನೋ ಸೈಟಲ್ಲಿ ಬಹಳಷ್ಟು ಕೌಂಟಿಗಳ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್, ಅಂದ್ರೆ ಆಯಾ ಕಡೆಯ ಪುರಾತನ ಜಾಗಗಳ ದಾಖಲೆ ಹುಡುಕಬಹುದು, ಇದಕ್ಕೆ ಎಲ್ರೂ ಎಚ್‌ಇಆರ್ ಅಂತಾರೆ, ನಾನೂ ಹಂಗೇ ಬರೀತೀನಿ. ಕಾನೂನಿನ ರಕ್ಷಣೆ ಇರೋವನ್ನ ನ್ಯಾಷನಲ್ ಹೆರಿಟೇಜ್ ಲಿಸ್ಟಲ್ಲಿ ನೋಡಬೇಕು. ಹಿಸ್ಟಾರಿಕ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಪರಂಪರೆ ಸಂಸ್ಥೆಯವರು ವಿಮಾನ ಫೋಟೋ ನೋಡಿ ಗುರುತು ಹಾಕಿರೋ ಮ್ಯಾಪ್ ಕೂಡ ಆನ್‌ಲೈನ್ ಇದೆ. ನೀವು ಕಂಡ ಗುಪ್ಪೆ ಅಲ್ಲಿ ಆಗ್ಲೇ ಇದ್ರೆ ಬೇಜಾರಾಗಬೇಡಿ, ನಿಮ್ಮ ಕಣ್ಣು ಸರಿ ಇದೆ ಅಂತ ಅರ್ಥ.

ಆಮೇಲೆ ಲೈಡಾರ್. ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆಯೋದು. ಇಲ್ಲಿನ ಎನ್ವಿರಾನ್‌ಮೆಂಟ್ ಏಜೆನ್ಸಿ ಇಡೀ ಇಂಗ್ಲೆಂಡಿಗೆ 1 ಮೀಟರ್ ವಿವರದಲ್ಲಿ ಅಳತೆ ಮಾಡಿಸಿದೆ, ಪ್ರವಾಹದ ಲೆಕ್ಕಕ್ಕೆ ಮಾಡಿಸಿದ್ದು, ಆದ್ರೆ ಪುಕ್ಕಟೆ ಕೊಡ್ತಾರೆ, ಲಾಭ ನಮಗೆ. ಡೌನ್‌ಲೋಡ್ ಮಾಡೋವಾಗ ಎರಡು ಥರ ಇರತ್ತೆ, ಡಿಎಸ್‌ಎಂ ಅಂದ್ರೆ ಮರ ಮನೆ ಸಮೇತ, ಡಿಟಿಎಂ ಅಂದ್ರೆ ಅವನ್ನ ಕಳೆದು ಬರೀ ನೆಲ. ನಮಗೆ ಡಿಟಿಎಂ ಬೇಕು. ಕ್ಯೂಜಿಐಎಸ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ತೆರೆದು ಹಿಲ್‌ಶೇಡ್ ಮಾಡಿ, ಅಂದ್ರೆ ಕಂಪ್ಯೂಟರೊಳಗೆ ಒಂದು ಸುಳ್ಳು ಸೂರ್ಯನ್ನ ಹಚ್ಚಿ ನೆರಳು ಬೀಳಿಸೋದು. ಡಿಫಾಲ್ಟ್ ಸೂರ್ಯ 45 ಡಿಗ್ರಿ ಮೇಲಿರತ್ತೆ, ಅದು ನಮ್ಮ ಅರ್ಧ ಮೀಟರ್ ದಿಬ್ಬಕ್ಕೆ ನೆತ್ತಿ ಬಿಸಿಲು ಇದ್ದಂಗೆ, ನೆರಳೇ ಬೀಳಲ್ಲ. 10, 15 ಡಿಗ್ರಿಗೆ ಇಳಿಸಿ, ಎತ್ತರಾನ ಮೂರು ನಾಲ್ಕು ಪಟ್ಟು ಹಿಗ್ಗಿಸಿ, ಆಗ ನೋಡಿ ಹೆಂಗೆ ಎದ್ದು ಬರತ್ತೆ. ಒಂದೇ ದಿಕ್ಕಿನ ಬೆಳಕು ನಂಬಬೇಡಿ, ಬೆಳಕಿನ ಜೊತೆಗೇ ಓಡೋ ಬದು ಕಾಣಿಸಲ್ಲ, ಅದಕ್ಕೆ ನಾಲ್ಕೂ ದಿಕ್ಕಿಂದ ಹಾಕಿ ನೋಡಿ. ದಕ್ಷಿಣದಿಂದ ಬೆಳಕು ಹಾಕಿದ್ರೆ ಮಾತ್ರ ಒಂದು ಎಚ್ಚರ, ನಮ್ಮ ಮೆದುಳು ಉಲ್ಟಾ ಓದ್ಕೊಂಡು ಗುಪ್ಪೆನ ಗುಂಡಿ ಅಂತ ತೋರಿಸತ್ತೆ. ಸಾಫ್ಟ್‌ವೇರ್ ಎಲ್ಲಾ ತಲೆನೋವು ಬೇಡ ಅನ್ನೋರು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಮ್ಯಾಪ್ ಸೈಟಿಗೆ ಹೋಗಿ, ಅಲ್ಲಿ ಹಳೇ ನಕ್ಷೆ ಒಂದು ಕಡೆ ಲೈಡಾರ್ ಇನ್ನೊಂದು ಕಡೆ ಇಟ್ಟು ಅಕ್ಕಪಕ್ಕ ನೋಡಬಹುದು, ಶುರು ಮಾಡಕ್ಕೆ ಅದು ಧಾರಾಳ ಸಾಕು. ನೆದರ್ಲೆಂಡ್ಸಿನ ವೇಲುವೆ ಪ್ರದೇಶದಲ್ಲಿ 2019ರಲ್ಲಿ ಲೈಡನ್ ಯೂನಿವರ್ಸಿಟಿಯವರು ಸಾಮಾನ್ಯ ಜನರಿಗೇ ಲೈಡಾರ್ ಚಿತ್ರ ಕೊಟ್ಟು ಮನೆಯಿಂದಾನೇ ದಿಬ್ಬ ಗುರುತಿಸಿ ಅಂದ್ರು, ಜನ ಗುರುತಿಸಿದ್ರು ಕೂಡ, ಹಂಗಾಗಿ ಇದು ಡಿಗ್ರಿ ಇದ್ದೋರ ಕೆಲಸ ಮಾತ್ರ ಅಂತ ಹಿಂಜರಿಬೇಡಿ.

ಲೈಡಾರಲ್ಲಿ ಗುಂಡನೆ ಏನೋ ಸಿಕ್ತಾ, ಸೀಳಿ ನೋಡಿದಂಗೆ ಏರಿಳಿತ ತೋರಿಸೋ ಪ್ರೊಫೈಲ್ ಟೂಲ್ ತಗೊಂಡು ಅದರ ಮೇಲೆ ಅಡ್ಡ ಒಂದು ಗೆರೆ ಎಳೀರಿ. ಬ್ಯಾರೋ ಆದ್ರೆ ನಯವಾಗಿ ಏರಿ ನಯವಾಗಿ ಇಳಿಯತ್ತೆ, ಎರಡೂ ಬದಿ ಚೂರು ತಗ್ಗು ಇದ್ರೆ ಅದು ಹೂತು ಹೋದ ಕಂದಕ. ನೆತ್ತಿಯಲ್ಲಿ ಸಣ್ಣ ಕುಳಿ ಇದ್ರೆ ಇನ್ನೂ ಖುಷಿ ಪಡಿ, 18, 19ನೇ ಶತಮಾನದಲ್ಲಿ ಪಾದ್ರಿಗಳು ಜಮೀನ್ದಾರರು ಕೂಲಿ ಇಟ್ಟು ಮೇಲಿಂದ ನೇರ ಗುಂಡಿ ತೋಡಿ ಮಡಕೆ ಎತ್ಕೊಂಡು ಹೋಗೋದು ಒಂದು ಹವ್ಯಾಸ ಆಗಿತ್ತು, ಅವರ ಗಾಯ ಇವತ್ತು ನಮಗೆ ಗುರುತು. ಗೋರ್ಸ್ ಅಂತ ದಟ್ಟ ಮುಳ್ಳುಪೊದೆ ಇರತ್ತೆ ಹೀತಲ್ಲಿ, ಲೇಸರ್ ಅದರೊಳಗೆ ಇಳಿಯದೆ ಪೊದೆನೇ ನೆಲ ಅಂತ ಲೆಕ್ಕ ಹಾಕಿ ಸುಳ್ಳು ದಿಬ್ಬ ತೋರಿಸೋದೂ ಉಂಟು. ಬೇರೆ ವರ್ಷದ ಅಳತೆ ಇದ್ರೆ ಅದರಲ್ಲೂ ಇದೆಯಾ ನೋಡಿ. ಪೊದೆ ಬೆಳೆಯತ್ತೆ ಸಾಯತ್ತೆ, ದಿಬ್ಬ ಕೂತಲ್ಲೇ ಕೂತಿರತ್ತೆ.

ಮೂರನೇದು ಹಳೇ ನಕ್ಷೆ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯವರ ಹಳೇ ಆರು ಇಂಚಿನ (ಒಂದು ಮೈಲಿಗೆ ಆರು ಇಂಚು) ನಕ್ಷೆಯಲ್ಲಿ ಪುರಾತನ ವಸ್ತುಗಳ ಹೆಸರನ್ನ ಮೊನೆ ಮೊನೆ ಇರೋ ಗಾಥಿಕ್ ಅಕ್ಷರದಲ್ಲಿ ಹಾಕಿರ್ತಾರೆ, ಟ್ಯೂಮುಲಸ್ ಅಂತ ಇದ್ರೆ ದಿಬ್ಬ, ಟ್ಯೂಮುಲೈ ಅಂದ್ರೆ ಒಂದಕ್ಕಿಂತ ಜಾಸ್ತಿ. ಅದು ಇಲ್ಲದಿದ್ರೂ ಸುತ್ತ ಏನಿದೆ ನೋಡಿ: ಪಕ್ಕದಲ್ಲೇ ಗ್ರಾವೆಲ್ ಪಿಟ್ ಅಂತ ಬರೆದಿದ್ರೆ ನಿಮ್ಮ ದಿಬ್ಬ ಅಗೆದು ಸುರಿದ ಮಣ್ಣು, ರೈಫಲ್ ರೇಂಜ್ ಅಂತ ಇದ್ರೆ ಗುಂಡು ತಡೆಯೋ ಒಡ್ಡು. ಗಡಿ ಗೆರೆಗಳನ್ನೂ ನೋಡಿ, ಆಂಗ್ಲೋ ಸ್ಯಾಕ್ಸನ್ ಕಾಲದಲ್ಲಿ ಊರ ಎಲ್ಲೆ ಹೇಳೋವಾಗ "ಆ ದಿಬ್ಬದಿಂದ ಈ ದಿಬ್ಬಕ್ಕೆ" ಅಂತ ಬರೆಯೋರು, ಹಂಗಾಗಿ ಪ್ಯಾರಿಷ್ (ಚರ್ಚಿಗೆ ಸೇರಿದ ಊರ ಎಲ್ಲೆ) ಗಡಿ ಸೊಟ್ಟಗೆ ತಿರುಗೋ ಮೂಲೆಯಲ್ಲಿ ಗುಪ್ಪೆ ಇದ್ರೆ ಕಿವಿ ನೆಟ್ಟಗಾಗಬೇಕು. ಗಡಿಗೇ ಅಂತ ಆಮೇಲೆ ಎಬ್ಬಿಸಿದ ಗುಪ್ಪೆನೂ ಇರತ್ತೆ ಅನ್ನೋದು ಬೇರೆ ತಾಪತ್ರಯ.

ಹೆಸರುಗಳು ಸುಳಿವೂ ಹೌದು ಮೋಸಾನೂ ಹೌದು. ಬ್ಯಾರೋ ಅನ್ನೋ ಪದ ಹಳೇ ಇಂಗ್ಲಿಷಲ್ಲಿ ದಿಬ್ಬಕ್ಕೂ ಆಗತ್ತೆ ಗುಡ್ಡಕ್ಕೂ ಆಗತ್ತೆ, ಊರ ಹೆಸರಲ್ಲಿ ಬಂದ್ರೆ ತೋಪು ಅನ್ನೋ ಅರ್ಥದ ಬೇರೆ ಪದಾನೂ ಇರಬಹುದು. ಸೈತಾನನ ಹೆಸರು ಇರೋ ಜಾಗ ಅಂತ ಓಡಿ ಹೋಗ್ತೀರಾ, ಡೆವಿಲ್ಸ್ ಜಂಪ್ಸ್ ಅಂತ ಎರಡಿವೆ, ಸಸೆಕ್ಸಿನ ಟ್ರೇಫರ್ಡ್ ಹತ್ರ ಇರೋದು ಅಸಲಿ ಬೆಲ್ ಬ್ಯಾರೋಗಳು, ಸರ್ರೆಯ ಚರ್ಟ್ ಹತ್ರ ಇರೋದು ಬರೀ ಮರಳುಗಲ್ಲಿನ ಗುಡ್ಡಗಳು. ಹಂಪಿ ಪಕ್ಕ ನಿಂಬಾಪುರದ ಬೂದಿ ದಿಬ್ಬಾನ ವಾಲಿನ ಸುಟ್ಟ ಜಾಗ ಅಂತಾರಲ್ಲ, ನಿಜಕ್ಕೂ ಅದು ಹೊಸ ಶಿಲಾಯುಗದ ಜನ ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿ. ಜನ ಎಲ್ಲಿ ವಿಚಿತ್ರ ಗುಪ್ಪೆ ಕಂಡ್ರೂ ಒಂದು ಕಥೆ ಕಟ್ತಾರೆ, ಕಥೆ ಇದೆ ಅಂದ್ರೆ ಗುಪ್ಪೆ ಇದೆ ಅಂತ ಮಾತ್ರ ಅರ್ಥ, ಒಳಗೆ ಏನಿದೆ ಅಂತಲ್ಲ.

ಈಗ ನನ್ನ ಮರ್ಯಾದೆ ಹೋದ ಕಥೆ. ಶುರುವಿನಲ್ಲಿ ಲೈಡಾರಲ್ಲಿ ಒಂದು ಸಿಕ್ತು, ಇಪ್ಪತ್ತು ಮೀಟರ್, ಕಂಪಾಸ್ ಇಟ್ಟು ಎಳೆದಂಗೆ ಗುಂಡಗೆ, ಏಣಿನ ತುದೀಲಿ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೆಂಡತಿ ಬೈದ್ರೂ ಕೇಳದೆ ಮಳೇಲೇ ಹೋದೆ, ಮುಳ್ಳು ದಾಟಿ ಹತ್ತಿ ನೋಡಿದ್ರೆ ನೆತ್ತಿ ಮೇಲೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಗಾಳಿ ಪೈಪು. ಊರಿಗೆ ನೀರು ಬಿಡೋ ಟ್ಯಾಂಕು, ಮೇಲೆ ಮಣ್ಣು ಮುಚ್ಚಿದಾರೆ. ವಾಪಸ್ ಬಂದು ಇವತ್ತಿನ ಮಾಮೂಲಿ ನಕ್ಷೆ ತೆಗೆದ್ರೆ ದಪ್ಪಕ್ಷರದಲ್ಲಿ ಬರೆದೇ ಇತ್ತು. 1870ರ ನಕ್ಷೆ ನೋಡಿದ ಮಹಾನುಭಾವ ಈಗಿನದ್ದು ನೋಡಿರಲಿಲ್ಲ. ಅವತ್ತಿಂದ ನಂದು ಒಂದೇ ನಿಯಮ, ದಿಬ್ಬಾನ ಬ್ಯಾರೋ ಅಂತ ಸಾಬೀತು ಮಾಡಕ್ಕೆ ಹೋಗಬೇಡಿ, ಬ್ಯಾರೋ ಅಲ್ಲ ಅಂತ ಸಾಬೀತು ಮಾಡಕ್ಕೆ ಜೀವ ಬಿಟ್ಟು ಒದ್ದಾಡಿ, ಆಗ್ಲಿಲ್ಲ ಅಂದ್ರೆ ಮಾತ್ರ ಮುಂದಕ್ಕೆ.

ಒದ್ದಾಡೋದಕ್ಕೆ ಸರಕು ಬೇಕಾದಷ್ಟಿದೆ. ಹಳೇ ಗಾಳಿಗಿರಣಿ ನಿಂತಿದ್ದ ದಿಬ್ಬ, ಇದರ ನೆತ್ತಿಯಲ್ಲಿ ಕೂಡು ಗುರುತಿನ ತಗ್ಗು ಇರತ್ತೆ, ಮರದ ತೊಲೆ ಕೂತಿದ್ದ ಜಾಗ. ಮೊಲ ಸಾಕಕ್ಕೆ ಕಟ್ಟಿದ ಉದ್ದನೆ ಗುಪ್ಪೆಗಳು, ಇಲ್ಲಿ ಮಧ್ಯಯುಗದಲ್ಲಿ ಮೊಲ ಸಾಕೋದು ದೊಡ್ಡ ದಂಧೆ, ಆ ಗುಪ್ಪೆಗಳು ದಿಂಬಿನ ಆಕಾರ, ಬದಿ ನೇರ. ಗಾಲ್ಫ್ ಟೀ, ಅಂದ್ರೆ ಮೊದಲ ಹೊಡೆತಕ್ಕೆ ನಿಲ್ಲೋ ದಿಣ್ಣೆ, ಮೇಲೆ ಸಪಾಟು. ಶ್ರೀಮಂತರು ಪೈನ್ ಮರ ನೆಡಕ್ಕೆ ಎಬ್ಬಿಸಿದ ಗುಡ್ಡೆ. ಗಾಳಿ ತಂದು ಒಟ್ಟಿದ ಮರಳು, ಇದು ಒಂದು ಕಡೆ ಕಡಿದಾಗಿ ಇನ್ನೊಂದು ಕಡೆ ಇಳಿಜಾರಾಗಿ ಇರತ್ತೆ. ಬಿದ್ದ ಮರದ ಬೇರು ಎತ್ತಿದ ಮಣ್ಣು, ಪಕ್ಕದಲ್ಲೇ ಅದರ ಗುಂಡಿ ಇದ್ದೇ ಇರತ್ತೆ. ಸರ್ರೆ ಹ್ಯಾಂಪ್‌ಶೈರ್ ಗಡಿಯಲ್ಲಂತೂ ಸೈನ್ಯ, ಆಲ್ಡರ್‌ಶಾಟಲ್ಲಿ 1854ರಿಂದ ಕ್ಯಾಂಪ್ ಇದೆ, ತಲೆಮಾರುಗಟ್ಟಲೆ ಸಿಪಾಯಿಗಳು ಆ ಬಯಲಲ್ಲಿ ಕಂದಕ ತೋಡಿ ಮುಚ್ಚಿ ತೋಡಿ ಮುಚ್ಚಿ ಇಟ್ಟಿದಾರೆ. 1940ರ ದಶಕದ ವಾಯುಪಡೆ ಫೋಟೋಗಳು ಇಲ್ಲಿ ಬಹಳ ಉಪಯೋಗ, ಕೆಲವು ಕಡೆಯದು ಗೂಗಲ್ ಅರ್ತಿನ ಹಳೇ ಚಿತ್ರಗಳಲ್ಲೇ ಸಿಗತ್ತೆ, ಆಗ ಬಯಲಲ್ಲಿ ಮರ ಇಷ್ಟು ಬೆಳೆದಿರಲಿಲ್ಲ, ಯುದ್ಧದ ಟೈಮಿನ ಗುಂಡಿ ಹೊಸ ಮಣ್ಣಲ್ಲಿ ಬೆಳ್ಳಗೆ ಕಾಣತ್ತೆ. ಇನ್ನು ಎಲ್ಲಾ ದಾಟಿ ನಿಜವಾದ ಸಮಾಧಿ ದಿಬ್ಬನೇ ಆದ್ರೂ ಇತಿಹಾಸಪೂರ್ವ ಕಾಲದ್ದೇ ಆಗ್ಬೇಕಂತಿಲ್ಲ, ಸಫೋಕಿನ ಸಟನ್ ಹೂ ದಿಬ್ಬದಲ್ಲಿ 1939ರಲ್ಲಿ ಬೇಸಿಲ್ ಬ್ರೌನ್ ಹಡಗಿನ ಸಮಾಧಿ ಕಂಡುಹಿಡಿದ್ರಲ್ಲ, ಅದು ಆಂಗ್ಲೋ ಸ್ಯಾಕ್ಸನ್ನರದ್ದು.

ಕಾಲ್ನಡಿಗೆ

ಹೋಗಬೇಕಾದ ಕಾಲ ಡಿಸೆಂಬರಿಂದ ಫೆಬ್ರವರಿ ಕೊನೆ. ಬ್ರ್ಯಾಕನ್ ಅನ್ನೋ ಜರೀಗಿಡ ಬೇಸಿಗೇಲಿ ಎದೆ ಮಟ್ಟ ಬೆಳೆದು ಆನೆ ನಿಂತ್ರೂ ಕಾಣಲ್ಲ, ಚಳಿಗಾಲದಲ್ಲಿ ಒಣಗಿ ಮಲಗಿರತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಮಧ್ಯಾಹ್ನ ಮೂರರ ಮೇಲೆ, ಸೂರ್ಯ ನೆಲ ಹಿಡಿದಿರೋವಾಗ, ಲೈಡಾರಲ್ಲಿ ಮಾಡಿದ ಸುಳ್ಳು ಸೂರ್ಯನ ಕೆಲಸಾನ ಅಸಲಿ ಸೂರ್ಯ ಮಾಡ್ತಾನೆ. ತೆಳ್ಳಗೆ ಹಿಮ ಬಿದ್ದ ದಿನ ಸಿಕ್ಕಿದ್ರೆ ಆಫೀಸಿಗೆ ರಜೆ ಹಾಕಿ. ಬಯಲಿಗೆ ಬೆಂಕಿ ಬಿದ್ದ ಮೇಲೂ ನೆಲ ಬತ್ತಲೆಯಾಗಿ ಕಾಣತ್ತೆ, 2003ರಲ್ಲಿ ಯಾರ್ಕ್‌ಶೈರಿನ ಫೈಲಿಂಗ್‌ಡೇಲ್ಸ್ ಮೂರ್ ಸುಟ್ಟಾಗ ಕೆತ್ತನೆ ಕಲ್ಲುಗಳು ಎಷ್ಟೋ ಹೊರಗೆ ಬಂದ್ವು. ಮಾರ್ಚಿಂದ ಜುಲೈ ತನಕ ಮಾತ್ರ ದಾರಿ ಬಿಟ್ಟು ಹೋಗಬೇಡಿ, ನೈಟ್‌ಜಾರ್, ವುಡ್‌ಲಾರ್ಕ್ ಎಲ್ಲಾ ನೆಲದ ಮೇಲೇ ಮೊಟ್ಟೆ ಇಡೋ ಹಕ್ಕಿಗಳು, ನಾಯಿ ಇದ್ರೆ ಆ ಕಾಲದಲ್ಲಿ ಗಿಡ್ಡ ಹಗ್ಗ ಕಡ್ಡಾಯ.

ಜಾಗ ಯಾರದ್ದು ನೋಡ್ಕೊಳ್ಳಿ. ಓಪನ್ ಆಕ್ಸೆಸ್ ಭೂಮಿ ಆದ್ರೆ 2000ರ ಕಾಯ್ದೆ ಪ್ರಕಾರ ನಡ್ಕೊಂಡು ಓಡಾಡಬಹುದು, ಆದ್ರೆ ಆ ಹಕ್ಕಿನಲ್ಲಿ ಮೆಟಲ್ ಡಿಟೆಕ್ಟರ್ ಕೈಯಲ್ಲಿ ಹಿಡ್ಕೊಂಡಿರೋದೂ ಸೇರಲ್ಲ. ಕೆಂಪು ಬಾವುಟ ಹಾರ್ತಿರೋ ಸೈನ್ಯದ ಜಾಗಕ್ಕೆ ಹೋಗೋ ಸಾಹಸ ಬೇಡ, ಅಲ್ಲಿ ನೆಲದ ಮೇಲೆ ಬಿದ್ದಿರೋ ಲೋಹ ಏನನ್ನೂ ಕಾಲಲ್ಲೂ ಒದೀಬೇಡಿ. ಪ್ಯಾಂಟ್ ಕಾಲುಚೀಲದೊಳಗೆ ತುರುಕಿ, ನಮ್ಮ ಮಲೆನಾಡಲ್ಲಿ ಮಂಗನ ಕಾಯಿಲೆ ತರೋ ಉಣುಗಿನ ಅಣ್ತಮ್ಮಂದಿರು ಇಲ್ಲಿ ಲೈಮ್ ಕಾಯಿಲೆ ತರ್ತಾವೆ, ಮನೆಗೆ ಬಂದು ಮೊಣಕಾಲ ಹಿಂದೆ ಸೊಂಟದ ಹತ್ರ ನೋಡ್ಕೊಳ್ಳಿ. ಆಡರ್ ಅನ್ನೋ ವಿಷದ ಹಾವೂ ಇದೆ, ಬಿಸಿಲು ಕಾಯ್ತಾ ಮಲಗಿರತ್ತೆ, ನೋಡಿ ದೂರ ಹೋದ್ರೆ ಅದರ ಪಾಡಿಗೆ ಅದು.

ದಿಬ್ಬದ ಹತ್ರ ಹೋದ ಕೂಡಲೇ ಹತ್ತಬೇಡಿ. ಮೊದಲು ಕೆಳಗೆ ಕಣಿವೆ ಕಡೆಗೆ ಇಳಿದು ತಿರುಗಿ ನೋಡಿ. ಬ್ಯಾರೋ ಕಟ್ಟಿದವರು ಎಷ್ಟೋ ಸಲ ಗುಡ್ಡದ ತುತ್ತತುದಿ ಬಿಟ್ಟು ಸ್ವಲ್ಪ ಕೆಳಗೆ ಜಾಗ ಆರಿಸ್ತಿದ್ರು, ಮೇಲೆ ನಿಂತವರಿಗೆ ಅದು ತುದಿ ಅಲ್ಲ, ಆದ್ರೆ ಕೆಳಗೆ ವಾಸ ಇದ್ದವರಿಗೆ ಆಕಾಶಕ್ಕೆ ಅಂಟಿದಂಗೆ ಕಾಣತ್ತೆ. ನನಗೆ ಇದು ಇವತ್ತಿಗೂ ಮೈ ಜುಂ ಅನ್ಸೋ ವಿಷಯ, ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಕೆಳಗೆ ನಿಂತು "ಇನ್ನೂ ಚೂರು ಈ ಕಡೆ" ಅಂತ ಕೈ ಮಾಡಿರ್ತಾರೆ.

ಆಮೇಲೆ ಗಿಡ ನೋಡಿ. ದಿಬ್ಬದ ಮೇಲೆ ನೀರು ಬೇಗ ಇಳಿಯತ್ತೆ, ಹೀದರ್ ಒಣಕಲಾಗಿರತ್ತೆ ಇಲ್ಲಾ ಆಳ ಮಣ್ಣು ಸಿಕ್ಕಿ ಬ್ರ್ಯಾಕನ್ ಹಬ್ಬಿರತ್ತೆ, ಸುತ್ತಲ ಕಂದಕದಲ್ಲಿ ತೇವ ನಿಂತು ಜೊಂಡು, ಒರಟು ಹುಲ್ಲು ಬಳೆ ಥರ ಬೆಳೆದಿರತ್ತೆ. ಕಣ್ಣಿಗೆ ಕಾಣದ ಕಂದಕ ಕೆಲವು ಸಲ ಕಾಲಿಗೆ ಸಿಗತ್ತೆ, ನಿಧಾನಕ್ಕೆ ಸುತ್ತು ಹಾಕಿದ್ರೆ ಒಂದು ಕಡೆ ಮೆತ್ತಗೆ ಒಳಗೆ ಹೋಗತ್ತೆ ಬೂಟು.

ಮೊಲ ತೋಡಿದ ಬಿಲ, ಸೈಕಲ್ ಓಡಿಸಿ ಕೊರೆದ ದಾರಿ, ಬೇರು ಕಿತ್ತ ಜಾಗ, ಇಂಥಾ ಕಡೆ ಮಣ್ಣಿನ ಒಳಗು ತಾನಾಗೇ ಕಾಣ್ತಾ ಇರತ್ತೆ. ಬಗ್ಗಿ ನೋಡಿ, ಬೆರಳು ಹಾಕಬೇಡಿ. ಹೀತ್ ಮಣ್ಣಿಗೆ ಒಂದು ಸಹಜ ಕ್ರಮ ಇದೆ, ಮೇಲೆ ಕಪ್ಪು, ಅದರ ಕೆಳಗೆ ಬೂದಿ ಬಣ್ಣದ ತೊಳೆದ ಮರಳು, ಅದರ ಕೆಳಗೆ ಕಂದು ಕೆಂಪು ಗಟ್ಟಿ ಪದರ. ಇದು ಒಂದೇ ಸಲ ಬಂದು ಮುಗಿದ್ರೆ ಸಹಜ ಗುಡ್ಡೆ ಇರಬಹುದು. ಅದೇ ಕಪ್ಪು ಬೂದಿ ಕಪ್ಪು ಬೂದಿ ಅಂತ ಚಿಕ್ಕ ಚಿಕ್ಕ ತುಂಡಾಗಿ ಜೋಡಿಸಿದಂಗೆ ಕಂಡ್ರೆ ಎದೆ ಹೊಡ್ಕೊಳ್ಳೋ ಟೈಮು, ಯಾಕಂದ್ರೆ ಹೀತಲ್ಲಿ ಕಲ್ಲು ಇಲ್ಲದ ಕಡೆ ಹುಲ್ಲು ಸಮೇತ ನೆಲದ ಹೆಂಟೆ ಕೊಯ್ದು ಇಟ್ಟಿಗೆ ಥರ ಒಂದರ ಮೇಲೊಂದು ಪೇರಿಸಿ ದಿಬ್ಬ ಕಟ್ತಿದ್ರು. ಇದ್ದಿಲು, ಬಿಳಿ ಸುಟ್ಟ ಮೂಳೆ ಚೂರು, ಮಡಕೆ ಚೂರು, ಚಕಮಕಿ ಕಲ್ಲಿನ ಚಕ್ಕೆ ಕಂಡ್ರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಇದ್ದಲ್ಲೇ ಬಿಡಿ. ಮಣ್ಣಿಗೆ ಕೊರೆಯೋ ಆಗರ್ ಆನ್‌ಲೈನಲ್ಲಿ ಸಿಗತ್ತೆ ಅಂತ ತರಿಸಿ ತೂತು ಹಾಕೋದೂ ಅಗೆಯೋದೇ, ಅದು ಬಲ್ಲವರಿಗೆ ಬಿಡಿ. ರಕ್ಷಿತ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಡಿಟೆಕ್ಟರ್ ಓಡಿಸೋದು 1979ರ ಕಾಯ್ದೆ ಪ್ರಕಾರ ಅಪರಾಧ.

ಅಳತೆ

ಬೇಕಾಗಿರೋದು 30 ಮೀಟರ್ ಟೇಪ್, ದಾರ, ಒಂದು ಮಟ್ಟಗೋಲು, ಕಂಪಾಸ್ ಇರೋ ಫೋನು, ಬಿಳಿ ಕೆಂಪು ಪಟ್ಟೆ ಬಳಿದ ಒಂದು ಮೀಟರ್ ಕೋಲು, ಇನ್ನೊಬ್ಬ ಮನುಷ್ಯ. ಕೊನೇದೇ ಕಷ್ಟ, ನನ್ನ ಮಗಳು ಬಿಸ್ಕೆಟ್ ಲಂಚಕ್ಕೆ ಬರ್ತಾಳೆ. ನೆತ್ತಿ ಮೇಲೆ ಹಾದು ಉತ್ತರ ದಕ್ಷಿಣ ಒಂದ್ಸಲ, ಪೂರ್ವ ಪಶ್ಚಿಮ ಒಂದ್ಸಲ ಟೇಪ್ ಎಳೀರಿ. ದಾರಾನ ಮಟ್ಟ ಹಿಡಿದು ಪ್ರತಿ ಮೀಟರಿಗೆ ದಾರದಿಂದ ನೆಲಕ್ಕೆ ಎಷ್ಟು ಅಂತ ಬರ್ಕೊಳ್ಳಿ, ಮನೇಲಿ ಗ್ರಾಫ್ ಹಾಳೆ ಮೇಲೆ ಚುಕ್ಕೆ ಜೋಡಿಸಿದ್ರೆ ದಿಬ್ಬದ ಸೀಳು ಚಿತ್ರ ರೆಡಿ. ಎರಡೂ ದಿಕ್ಕಿನ ಅಡ್ಡಳತೆ ಹೆಚ್ಚು ಕಮ್ಮಿ ಒಂದೇ ಬಂದ್ರೆ ಒಳ್ಳೇದು, 12 ಮತ್ತು 19 ಬಂದ್ರೆ ಅನುಮಾನ ಪಡಿ. ದಿಬ್ಬ ಎಲ್ಲಿ ಮುಗೀತು ಅನ್ನೋದು ಯಾವಾಗ್ಲೂ ಜಗಳದ ವಿಷಯ, ಹಂಗಾಗಿ "ಸುಮಾರು" ಅಂತಲೇ ಬರೀರಿ, ಸೆಂಟಿಮೀಟರ್ ಲೆಕ್ಕ ಕೊಟ್ಟು ಪಂಡಿತರ ಥರ ಆಡಬೇಡಿ. ಗ್ರಿಡ್ ರೆಫರೆನ್ಸನ್ನ (ನಕ್ಷೆಯಲ್ಲಿ ಜಾಗ ಹೇಳೋ ಅಂಕಿ) ನೆತ್ತಿ ಮೇಲೆ ನಿಂತು ತಗೊಳ್ಳಿ, ಫೋನ್ ಜಿಪಿಎಸ್ ಐದು ಮೀಟರ್ ಅತ್ತ ಇತ್ತ ಹೇಳತ್ತೆ, ಲೈಡಾರ್ ಜೊತೆ ಸರಿ ನೋಡಿದ್ರೆ ಆಯ್ತು. ಫೋಟೋ ನಾಲ್ಕೂ ಕಡೆಯಿಂದ, ಪ್ರತಿಯೊಂದರಲ್ಲೂ ಪಟ್ಟೆ ಕೋಲು ಇರಲಿ, ಕೋಲು ಇಲ್ಲದ ದಿಬ್ಬದ ಫೋಟೋ ಅಂದ್ರೆ ಬರೀ ಹುಲ್ಲಿನ ಫೋಟೋ.

ಲೆಸ್ಲಿ ಗ್ರಿನ್ಸೆಲ್ ಅಂತ ಒಬ್ರು ಇದ್ರು, 1930ರ ದಶಕದಿಂದ ದಕ್ಷಿಣ ಇಂಗ್ಲೆಂಡಿನ ಸಾವಿರಾರು ಬ್ಯಾರೋಗಳನ್ನ ಹೋಗಿ ನೋಡಿ ಅಳೆದು ಪಟ್ಟಿ ಮಾಡಿದವರು. ನಿಮ್ಮ ಕೌಂಟಿಗೆ ಅವರ ಪಟ್ಟಿ ಇದ್ರೆ ಲೈಬ್ರರಿಯಲ್ಲಿ ಕೇಳಿ ನೋಡಿ, ಅವರು ಆಗ್ಲೇ ನೋಡಿ "ಅನುಮಾನ" ಅಂತ ಪಕ್ಕಕ್ಕೆ ಇಟ್ಟಿದ್ದೇ ನಿಮ್ಮ ಹೊಸ ದಿಬ್ಬ ಆಗಿರಬಹುದು.

ಯಾರಿಗೆ ಹೇಳೋದು

ಫೇಸ್‌ಬುಕ್ಕಿಗಲ್ಲ. ರಾತ್ರಿ ಡಿಟೆಕ್ಟರ್ ಹಿಡ್ಕೊಂಡು ಬರೋ ಕಳ್ಳರು ಇಲ್ಲೂ ಇದಾರೆ, ನೈಟ್‌ಹಾಕ್ಸ್ ಅಂತಾರೆ, ನೀವು ಹಾಕೋ ಪಿನ್ನಿಗೇ ಕಾಯ್ತಿರ್ತಾರೆ. ಕೌಂಟಿಯ ಎಚ್‌ಇಆರ್ ಆಫೀಸಿಗೆ ಇಮೇಲ್ ಮಾಡಿ: ಗ್ರಿಡ್ ರೆಫರೆನ್ಸ್, ಅಡ್ಡಳತೆ ಎತ್ತರ, ಲೈಡಾರ್ ಚಿತ್ರ, ಸೀಳು ಚಿತ್ರ, ಫೋಟೋ, ಹಳೇ ನಕ್ಷೆಯಲ್ಲಿ ಏನಿತ್ತು, ಮುಖ್ಯವಾಗಿ ಗಿರಣಿ, ಮೊಲ, ಸೈನ್ಯ, ನೀರಿನ ಟ್ಯಾಂಕ್ ಯಾಕಲ್ಲ ಅನ್ನೋದು ಒಂದೊಂದು ವಾಕ್ಯ. "ನಾನು ಕಂಚಿನ ಯುಗದ ರಾಜನ ಸಮಾಧಿ ಕಂಡುಹಿಡಿದಿದೀನಿ" ಅಂತ ಶುರು ಮಾಡಿದ್ರೆ ಅವರು ಮುಂದೆ ಓದಲ್ಲ, "ಸಾಧ್ಯ ಇರೋ ಬ್ಯಾರೋ" ಅಂತ ಬರೀರಿ, ಅವರ ದಾಖಲೆಯಲ್ಲೂ ಅದೇ ಭಾಷೆ. ನೆಲದ ಮೇಲೆ ವಸ್ತು ಏನಾದ್ರೂ ಕಂಡಿದ್ರೆ ಜನಕ್ಕೆ ಸಿಕ್ಕ ಹಳೇ ವಸ್ತು ದಾಖಲಿಸೋ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಫೈಂಡ್ಸ್ ಆಫೀಸರಿಗೂ ಹೇಳಿ. ಮನುಷ್ಯರ ಮೂಳೆ ಅನ್ನಿಸಿದ್ರೆ ಮುಟ್ಟದೆ ಪೊಲೀಸಿಗೆ ಮೊದಲು, ಅದು ಎಷ್ಟು ಹಳೇದು ಅಂತ ನಿರ್ಧಾರ ಮಾಡೋದು ನಮ್ಮ ಕೆಲಸ ಅಲ್ಲ.

ಉತ್ತರ ಬರಕ್ಕೆ ವಾರಗಟ್ಟಲೆ ಆಗಬಹುದು. ನಂದು ಇಲ್ಲಿತನಕ ಐದು ಕಳ್ಸಿದೀನಿ: ಎರಡು ಮರಳು ಗುಡ್ಡೆ ಅಂದ್ರು, ಒಂದು ಸೈನ್ಯದ್ದು ಅಂದ್ರು, ಒಂದಕ್ಕೆ ಇನ್ನೂ ಉತ್ತರ ಇಲ್ಲ. ಐದನೇದು 14 ಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ, ಪೈನ್ ಮರಗಳ ಮಧ್ಯೆ, ನೆತ್ತಿಯಲ್ಲಿ ಒಂದು ಕುಳಿ. ಅದಕ್ಕೆ ಒಂದು ನಂಬರ್ ಕೊಟ್ಟು "ಸಾಧ್ಯ ಇರೋ ಬ್ಯಾರೋ" ಅಂತ ಸೇರಿಸಿದಾರೆ. ವರ್ಷಕ್ಕೊಂದ್ಸಲ ಜನವರೀಲಿ ಹೋಗಿ ಅದೇ ನಾಲ್ಕು ಕಡೆಯಿಂದ ಅದೇ ಕೋಲಿಟ್ಟು ಫೋಟೋ ತೆಗೆದು ಬರ್ತೀನಿ, ಹೋದ ಸಲ ಉತ್ತರದ ಬದಿಯಲ್ಲಿ ಹೊಸ ಮೊಲದ ಬಿಲ ಎರಡು ಬಿದ್ದಿತ್ತು, ಜಾಗ ನೋಡ್ಕೊಳ್ಳೋ ರೇಂಜರಿಗೆ ಹೇಳಿ ಬಂದೆ.